ಏಳು ಗಂಟಿನ ಚೀಲ

ತೆಕ್ಕಟ್ಟೆಯಿಂದ ಫೋನು ಬಂದದ್ದು ನಿನ್ನೆ ಮಧ್ಯಾಹ್ನ. ನಾನು ಬಾವಿಕಟ್ಟೆಯ ಬಳಿ ಬಂಗುಡೆ ತೊಳೆಯುತ್ತಿದ್ದೆ. ಮೊಮ್ಮಗಳು ಧನ್ಯಶ್ರೀ ಮಾತಾಡಿ ಮುಗಿಸಿ ಓಡಿಬಂದಳು.

"ಅಮ್ಮಮ್ಮಾ, ನಾಳೆ ನಿನ್ ಸನ್ಮಾನಕ್ಕೆ ಸೀತು ಅಂದೇಳಿ ಒಬ್ರ್ ಬತ್ರಂಬ್ರ್. ಅವ್ರ ಗಂಡ ಎಪ್ಪತ್ತೊಂದ್ರ ಯುದ್ಧಕ್ಕೆ ಹೋದೋರ್. ನಿನ್ ಹತ್ರ ಎಂತದೋ ಕೇಂಬುಕಿತ್ತಂಬ್ರ್."

ಕೈಯಲ್ಲಿದ್ದ ಮೀನು ಜಾರಿ ಬಿತ್ತು.

"ಎಂತ ಅಮ್ಮಮ್ಮಾ, ಖುಷಿ ಆಯ್ಲಿಲ್ಯಾ?"

"ಬೆಕ್ಕ್ ಬಂತ್ ಕಾಣ್, ಓಡ್ಸ್" ಎಂದೆ. ಬೆಕ್ಕು ಇರಲಿಲ್ಲ.

ಯುದ್ಧದ ಗಾಯಾಳುಗಳ ಸೇವೆ ಮಾಡಿದವಳೆಂದು ನಮ್ಮ ಕುಂದಾಪುರದಲ್ಲಿ ನನಗೆ ಸನ್ಮಾನ ಇಟ್ಟಿದ್ದರು. ಸೀತು ಎಂಬ ಹೆಸರು ನನಗೆ ಐವತ್ನಾಲ್ಕು ವರ್ಷಗಳಿಂದ ಗೊತ್ತು. ಮುಖ ಕಂಡವಳಲ್ಲ.

ಆಗ ನನಗೆ ಹತ್ತೊಂಬತ್ತು. ಗಂಡನ ಜೊತೆ ಮುಂಬಯಿಗೆ ಹೋಗಿ ವರ್ಷವಾಗಿತ್ತು. ಯುದ್ಧ ಶುರುವಾದಾಗ ಗಾಯಾಳುಗಳಿಗೆಂದು ಒಂದು ಶಾಲೆಯನ್ನೇ ಆಸ್ಪತ್ರೆ ಮಾಡಿದರು. ನನಗೆ ಅಲ್ಲಿ ಆಯಾ ಕೆಲಸ. ನೆಲ ಒರೆಸಬೇಕು, ರಕ್ತದ ಬಟ್ಟೆ ಒಗೆಯಬೇಕು, ಗಾಯಾಳುಗಳ ಸಾಮಾನನ್ನು ಚೀಲಕ್ಕೆ ತುಂಬಿ, ಹೆಸರಿನ ಚೀಟಿ ಕಟ್ಟಿ ಕಪಾಟಿನಲ್ಲಿಡಬೇಕು. ನನಗೆ ಅಕ್ಷರ ಬರುತ್ತಿರಲಿಲ್ಲ. ಹೇಳಿದರೆ ಕೆಲಸ ಹೋದೀತೆಂಬ ಹೆದರಿಕೆ. ಚೀಟಿಗಳನ್ನು ಮುದುಡಿ ಎಸೆದೆ, ನಮ್ಮ ಕಡಲ ಬದಿಯ ಕ್ರಮ ಹಿಡಿದೆ. ದಡದಲ್ಲಿ ಮೀನಿನ ಹೆಡಿಗೆ ಯಾರದ್ದೆಂದು ತಿಳಿಯಲು ಒಂದೊಂದು ಮನೆಯವರು ಒಂದೊಂದು ನಮೂನೆ ಹಗ್ಗದ ಗಂಟು ಹಾಕುತ್ತಿದ್ದರು. ನಾನೂ ಹಾಗೆಯೇ, ನಾಲ್ಕನೇ ಮಂಚದವನ ಚೀಲದ ದಾರಕ್ಕೆ ನಾಲ್ಕು ಗಂಟು, ಏಳನೆಯವನದಕ್ಕೆ ಏಳು ಗಂಟು ಹಾಕಿದೆ.

ನಾಲ್ಕನೆಯವನು ತೆಕ್ಕಟ್ಟೆಯ ಅಣ್ಣಪ್ಪ. ನನ್ನ ಮಾತು ಕೇಳಿ, "ಹ್ವಾಯ್, ನೀವ್ ನಮ್ ಬದಿಯೋರಾ?" ಎಂದು ಅತ್ತೇಬಿಟ್ಟಿದ್ದ. ಹೆಂಡತಿ ಸೀತು ಮಾಡಿದ ಮೀನು ಸಾರು ಉಂಡರೆ ತನ್ನ ಕಾಲು ತನ್ನಷ್ಟಕ್ಕೇ ಸರಿಯಾಗುತ್ತದೆ ಎನ್ನುತ್ತಿದ್ದ. ಎಲೆಯಡಿಕೆಗೆಂದು ಅವನಿಟ್ಟುಕೊಂಡಿದ್ದ ಸುಣ್ಣದ ಡಬ್ಬಿಯನ್ನು ನಾನೇ ಚೀಲಕ್ಕೆ ಹಾಕಿದ್ದೆ. ಏಳನೆಯವನು ಒಬ್ಬ ಸರ್ದಾರ್, ಪ್ರಜ್ಞೆ ಇರಲಿಲ್ಲ. ಕೈಗೆ ಗಾಯವಾಗಿದ್ದರಿಂದ ಅವನ ಕಡಗ ಬಿಚ್ಚಿ ಚೀಲಕ್ಕೆ ಹಾಕಿದ್ದೆ.

ಬಾಂಬು ಬಿದ್ದರೆ ಕಿಟಕಿಯ ಗಾಜು ಒಡೆದೀತೆಂದು ಒಂದು ದಿನ ಎಲ್ಲರ ಜಾಗ ಬದಲಿಸಿದರು. ಅಣ್ಣಪ್ಪ ಏಳನೇ ಮಂಚಕ್ಕೆ ಹೋದ, ಸರ್ದಾರ್ ನಾಲ್ಕಕ್ಕೆ ಬಂದ. ಗಂಟು ಬದಲಿಸಬೇಕೆಂಬುದು ನನ್ನ ತಲೆಗೇ ಹೊಳೆಯಲಿಲ್ಲ. ಯುದ್ಧ ನಿಂತ ಮರುದಿನ ಅಣ್ಣಪ್ಪ ತೀರಿಕೊಂಡ. "ಏಳನೇ ಮಂಚದ ಚೀಲ" ಎಂದರು. ಏಳು ಗಂಟಿನದನ್ನು ಎತ್ತಿ ಕೊಟ್ಟೆ. ದೇಹವನ್ನು ಅಲ್ಲೇ ಸುಟ್ಟರು, ಚೀಲ ತೆಕ್ಕಟ್ಟೆಗೆ ಹೋಯಿತು.

ಎರಡು ದಿನ ಬಿಟ್ಟು ಸರ್ದಾರನನ್ನು ಪುಣೆಗೆ ಸಾಗಿಸುವಾಗ ನಾಲ್ಕು ಗಂಟಿನ ಚೀಲ ತೆಗೆದೆ. ಒಳಗೆ ಅಣ್ಣಪ್ಪನ ಸುಣ್ಣದ ಡಬ್ಬಿ. ತೆಕ್ಕಟ್ಟೆಗೆ ಹೋದದ್ದು ಸರ್ದಾರನ ಚೀಲ. ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡೆ, ಚೀಲವನ್ನು ಹಾಗೆಯೇ ಸರ್ದಾರನ ಜೊತೆ ಕಳಿಸಿದೆ, ಬಾಯಿ ಬಿಡಲಿಲ್ಲ.

ಆಮೇಲೆ ರಾತ್ರಿ ಶಾಲೆಗೆ ಸೇರಿ ಅಕ್ಷರ ಕಲಿತೆ, ಕಾಲ ಕಳೆದು ಊರಿಗೂ ಬಂದೆ. ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ತೆಕ್ಕಟ್ಟೆಯವರ ಮಾತು ಕಿವಿಗೆ ಬೀಳುತ್ತಿತ್ತು. ಸೀತು ಬಳೆ ತೆಗೆದಿಲ್ಲವಂತೆ. ತಿಥಿ ಮಾಡಿಲ್ಲವಂತೆ. ಚೀಲ ನನ್ನ ಗಂಡನದ್ದಲ್ಲ, ಸತ್ತದ್ದೂ ನನ್ನ ಗಂಡ ಅಲ್ಲ ಅನ್ನುತ್ತಾಳಂತೆ. ಹೇಳಿಬಿಡಬೇಕೆಂದು ಎಷ್ಟು ಸಲ ಬಸ್ಸು ಹತ್ತಿದೆನೋ. ಆ ಬಳೆ ಒಡೆಯುವವಳು ನಾನೇ ಆಗಬೇಕಲ್ಲ ಎಂದು, ತೆಕ್ಕಟ್ಟೆ ಬಂದರೂ ಏಳದೆ ಸಾಸ್ತಾನದಲ್ಲಿ ಇಳಿದು ವಾಪಸು ಬಸ್ಸು ಹಿಡಿಯುತ್ತಿದ್ದೆ.

ಈಗ ಅವಳೇ ಬರುತ್ತಾಳೆ. ಎಲ್ಲರೆದುರು ನನಗೆ ಶಾಲು ಹೊದೆಸುವಾಗ ಎದ್ದು ನಿಂತು ಕೇಳುತ್ತಾಳೆ.

ಬೆಳಿಗ್ಗೆ ಏಳುತ್ತಲೇ ಧನ್ಯಶ್ರೀಗೆ ಹೇಳಿದೆ, "ಹೊರ್ಡ್. ತೆಕ್ಕಟ್ಟೆಗ್ ಹೋಯ್ಕ್."

"ಮೂರ್ ಗಂಟಿಗ್ ಅವ್ರೇ ಬತ್ರಲೆ? ನೀ ಎಂತಕ್ಕೆ ಹೋಪುದ್?"

"ನಾನೇ ಹೋಯ್ಕ್."

ಬಸ್ಸಿನಲ್ಲಿ ಸೊಂಟಕ್ಕೆ ಸಿಕ್ಕಿಸಿದ ಡಬ್ಬಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ. ಕುಂಭಾಶಿ ದಾಟಿತು. ತೆಕ್ಕಟ್ಟೆ ಬಂತು. ನಾನು ಸೀಟಿನಿಂದ ಏಳಲಿಲ್ಲ.

"ಎಂತ ಅಮ್ಮ, ಇಳೂದಾ, ಉಡ್ಪಿಗ್ ಬಪ್ಪುದಾ?" ಕಂಡಕ್ಟರ್ ಕೂಗಿದ.

ಧನ್ಯಶ್ರೀ ರಟ್ಟೆ ಹಿಡಿದು ಇಳಿಸಿದಳು.

ಸೀತು ಆಗಲೇ ಹೊಸ ಸೀರೆಯುಟ್ಟು ಜಗಲಿಯಲ್ಲಿ ಕೂತಿದ್ದಳು. ಎರಡು ಕೈಗೂ ಹಸಿರು ಗಾಜಿನ ಬಳೆ. ತೊಡೆಯ ಮೇಲೆ ಆ ಚೀಲ. ಯಾರೆಂದು ಹೇಳಿದ್ದೇ ನಕ್ಕಳು.

"ಬನಿ ಬನಿ. ಸನ್ಮಾನ ಕುಂದಾಪ್ರದಗೆ, ಸನ್ಮಾನದೋರ್ ನಮ್ ಜಗ್ಲಿಯಗೆ! ಚೇತನಾ, ಆಸ್ರಿಗೆ ನೀರ್ ಬೆಲ್ಲ ತಾ." ಒಳಗಿನಿಂದ ತಮ್ಮನ ಮಗಳು ಚೇತನಾ ಓಗೊಟ್ಟಳು. ಸೀತು ನನ್ನ ಕಡೆ ಬಾಗಿದಳು. "ಅಕ್ಕಾ, ನಂಗ್ ಒಂದೇ ಮಾತ್ ಕೇಂಬುಕಿತ್ತ್. ಆ ವಾರ್ಡಗೆ ನಮ್ಮೋರ್ ಇರ್ಲಿಲ್ಲ ಅಲ್ದಾ? ಇರ್ಲಿಲ್ಲ ಅಂದ್ ನೀವೊಬ್ರ್ ಹೇಳಿ, ಸಾಕ್."

ಚೀಲದ ದಾರದಲ್ಲಿ ನನ್ನ ಗಂಟುಗಳು ಹಾಗೆಯೇ ಇದ್ದವು. ಎಣಿಸಿದೆ. ಏಳು.

ಹೇಳಿದೆ. ಚೀಟಿ, ಗಂಟು, ಮಂಚ, ಎಲ್ಲವನ್ನೂ. ನೀರು ಬೆಲ್ಲ ತಂದ ಚೇತನಾ ಬಾಗಿಲಲ್ಲೇ ನಿಂತಳು.

"ನಿಮ್ಗ್ ವಯಸ್ಸಾಯ್ತ್" ಎಂದಳು ಸೀತು. "ಯಾರನ್ನೋ ಕಂಡ್ ಯಾರೋ ಅಂದ್ಕಂಡಿರಿ."

ಡಬ್ಬಿ ತೆಗೆದು ಅವಳ ಕೈಗಿಟ್ಟೆ. ಹಿತ್ತಾಳೆಯದ್ದು, ಒಂದು ಬದಿ ನೆಗ್ಗಿದೆ. ಇಷ್ಟು ವರ್ಷ ಎಷ್ಟು ಗಿಂಜಿದರೂ ಅದರ ಮುಚ್ಚಳ ನನ್ನ ಕೈಗೆ ತೆರೆದಿರಲಿಲ್ಲ. ಸೀತು ನನ್ನ ಮುಖವನ್ನೇ ನೋಡುತ್ತಿದ್ದಳು. ಕೈ ಮಾತ್ರ ಡಬ್ಬಿಯನ್ನು ತಿರುಗಿಸಿ, ನೆಗ್ಗಿದಲ್ಲಿ ಹೆಬ್ಬೆರಳು ಒತ್ತಿತು. ಟಕ್ಕೆಂದು ತೆರೆಯಿತು. ಒಳಗೆ ಸುಣ್ಣ ಕಲ್ಲಾಗಿತ್ತು.

ಅವಳು ಉಗುರಿನಿಂದ ಆ ಸುಣ್ಣವನ್ನು ಕೆರೆದು ನೋಡಿದಳು. ಅಳಲಿಲ್ಲ.

"ಕುಂದಾಪ್ರದಿಂದ ಇಲ್ಲಿಗ್ ಎಷ್ಟ್ ದೂರ?"

"ಬಸ್ಸಿಗ್ ಅರ್ಧ ಗಂಟಿ" ಎಂದೆ.

"ಅರ್ಧ ಗಂಟಿ" ಎಂದಳು ಅವಳೂ. ಡಬ್ಬಿ ಮುಚ್ಚಿ, "ಅವ್ರ್ ಹೋದದ್ದ್ ಯಾವತ್ತ್?"

"ಯುದ್ಧ ನಿಂತ ಮರ್ದಿನ, ಅಮಾಸಿ. ಕಡ್ಲಿನ ಲೆಕ್ಕ ನಂಗ್ ತಪ್ಪುದಿಲ್ಲೆ."

ಚೇತನಾ ಗೋಡೆಯ ಕ್ಯಾಲೆಂಡರ್ ನೋಡಿದಳು. "ಅತ್ತೆ, ಇನ್ ಮೂರ್ ದಿನಕ್ಕೆ ಅದೇ ಅಮಾಸಿ."

ಸೀತು ಡಬ್ಬಿ ಹಿಡಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು, ಬಳೆ ಸಮೇತ. ಇನ್ನೊಂದು ಕೈಯಿಂದ ಚೀಲವನ್ನು ನನ್ನ ಕಡೆ ನೂಕಿದಳು.

"ಅಮಾಸಿಗ್ ಬನಿ. ಅವ್ರ್ ಕಡಿಗ್ ಎಂತ ಮಾತಾಡಿರ್ ಅಂದ್ ಅವತ್ತ್ ಹೇಳಿ. ಇವತ್ತ್ ಕೇಂಬುಕ್ ಆತಿಲ್ಲೆ. ಇದನ್ನ್ ಆ ಸರ್ದಾರ್ರ ಮನಿಗ್ ಮುಟ್ಸಿ. ಅವ್ರ್ ಮನ್ಯಗೂ ಯಾರಾರೂ ಕಾಯ್ತಾ ಇಪ್ಪುಕೂ ಸಾಕ್. ಮತ್ತೆ ಐವತ್ ವರ್ಷ ಮಾಡ್ಬೇಡಿ."

ಬಸ್ ಸ್ಟ್ಯಾಂಡಿನಲ್ಲಿ ಧನ್ಯಶ್ರೀ ನನ್ನ ಮುಖ ನೋಡಿದವಳೇ ತಾನಾಗಿಯೇ ಫೋನು ತೆಗೆದು, ಸನ್ಮಾನಕ್ಕೆ ಅಮ್ಮಮ್ಮ ಬರುವುದಿಲ್ಲವೆಂದು ಹೇಳಿದಳು.

"ಮಗಾ, ಆ ಫೋನಗೆ ಸರ್ದಾರ್ರ್ ಮನೆ ಹುಡ್ಕುಕ್ ಆತ್ತಾ?"

"ಆತ್ತೇನೋ ಅಮ್ಮಮ್ಮಾ. ಅವ್ರ ಹೆಸ್ರ್ ಎಂತ?"

ಚೀಲದೊಳಗೆ ಕಡಗ ಅಲುಗಿತು. ಅವನ ಹೆಸರಿನ ಚೀಟಿಯನ್ನು ಆ ದಿನ ನನ್ನ ಕೈಗೇ ಕೊಟ್ಟಿದ್ದರು, ನಾನೇ ಮುದುಡಿ ಎಸೆದಿದ್ದೆ.