ಗಿಣ್ಣದ ಜೊತೆ ಹಂಚಿದ್ದು

“ಕಾಕಾ, ನಿಮ್ಮ ಮನ್ಯಾಗ ಮೊಬೈಲ್ ಎಷ್ಟ ಅದಾವ್ರಿ?”

ಪಡಸಾಲೆಯ ಗೋಡೆಗೆ ಬಡಿದಿದ್ದ ರೌಟರ್ ಕೆಳಗೆ ಕಂಬಳಿಯ ಮೇಲೆ ಕೂತು ಮುನಾಫ ಕೇಳಿದ. ನೆಟ್ ಎಳೆಯುತ್ತಿಲ್ಲವೆಂದು ಮೂರು ಸಲ ಫೋನ್ ಮಾಡಿಸಿಕೊಂಡ ಮೇಲೆ ಚಿಕ್ಕೋಡಿಯಿಂದ ಕರೋಶಿಗೆ ಬಂದಿದ್ದ.

“ನಾಕ,” ಎಂದರು ಭರಮಪ್ಪ. “ಯಾಕಪಾ?”

“ಇಲ್ಲಿ ಹತ್ತೊಂಬತ್ತ ತೋರಸಾಕತ್ತೈತ್ರಿ.”

ಚಹಾ ತಂದಿಟ್ಟ ಸಣ್ಣ ಸೊಸೆ ಭಾಗ್ಯಾ ಮಾವನ ಮುಖ ನೋಡಿದಳು. ಅವರು ಮೀಸೆ ತೀಡಿಕೊಂಡು ಮಾಡು ನೋಡತೊಡಗಿದರು. ನೆಟ್ ಜೋಡಿಸುವಾಗಲೇ ಮುನಾಫ ಕೊಟ್ಟಿಗೆಗೂ ಒಂದು ಕ್ಯಾಮೆರಾ ಹಾಕಿಕೊಟ್ಟಿದ್ದ. ಅದೇ ವಾರ ಎಮ್ಮೆ ಈದಿತ್ತು. ಗಿಣ್ಣ ಕಾಸಿ ಓಣಿಯ ಮನೆಮನೆಗೆ ಕೊಡುವುದು ಈ ಮನೆಯ ಪದ್ಧತಿ. ಬಟ್ಟಲು ಹಿಡಿದು ಹೋದ ಭರಮಪ್ಪ, ಒಂದನ್ನು ಕೊಟ್ಟು ಇನ್ನೊಂದನ್ನು ಬಚ್ಚಿಟ್ಟುಕೊಳ್ಳುವುದು ಜಿಪುಣತನವೆಂದು ಪಾಸ್‌ವರ್ಡನ್ನೂ ಹೇಳಿ ಬಂದಿದ್ದರು. ಹೇಳುವುದೇನೂ ಕಷ್ಟವಿರಲಿಲ್ಲ. ಒಂದರಿಂದ ಎಂಟರವರೆಗೆ ಅಂಕಿ, ಅಷ್ಟೇ.

“ಗಿಣ್ಣ ತಿಂದ ಮಂದಿ ಬಟ್ಟಲಾನರ ತಿರುಗಿ ಕೊಟ್ಟಾರು. ಇದನ್ನ ಯಾರ್ ಕೊಡತಾರ್ರಿ?” ಎಂದು ನಕ್ಕ ಮುನಾಫ, ಮೊಬೈಲಿನಲ್ಲಿ ಬೆರಳಾಡಿಸುತ್ತ ತಟ್ಟನೆ ಗಂಭೀರನಾದ. “ಎದುರು ಮನೀ ಸುಂದ್ರವ್ವನ ಮಗ ಅಮೋಲನ ಮೊಬೈಲೂ ಐತಿ. ಅವರ ಮನ್ಯಾಗೂ ಇದ ಕ್ಯಾಮೆರಾ, ಇದ ಆ್ಯಪ್, ನಾನ ಹಾಕೀನಿ. ಹಂಗಾರ ಅವನ ಮೊಬೈಲಿನ್ಯಾಗ ನಿಮ್ಮ ಕೊಟಗೀನೂ ಕಾಣತಿರಬೇಕು. ಕ್ಯಾಮೆರಾದ ಪಾಸ್‌ವರ್ಡ್ ಬದಲ್ ಮಾಡೂದು ನಾನೂ ಮರತೀನ್ರಿ. ನಂದೂ ತಪ್ಪೈತಿ.”

ಒಳಗೆ ಹೊರಟಿದ್ದ ಭಾಗ್ಯಾ ಬಾಗಿಲಲ್ಲೇ ತಿರುಗಿದಳು. “ಬರೇ ಕಾಣತೈತೋ, ಮಾತೂ ಕೇಳಸತಾವೋ?”

“ಕೇಳಸತಾವ್ರಿ ವೈನಿ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಎರಡು ಸಲ ಬಸಿರು ಮೂರು ತಿಂಗಳಿಗೇ ಇಳಿದುಹೋಗಿತ್ತು. ಎರಡು ಸಲವೂ ಊರೆಲ್ಲ ಬಂದು ಕನಿಕರ ಸುರಿದು ಹೋಗಿತ್ತು. ಈ ಸಲ ಐದು ತುಂಬುವವರೆಗೆ ಯಾರಿಗೂ ಹೇಳಬಾರದೆಂದು ಗಂಡನೇ ಅವಳ ಕೈಮೇಲೆ ಕೈಯಿಟ್ಟು ಆಣೆ ಮಾಡಿಸಿದ್ದ. ಆದರೂ ತಡೆಯಲಾರದೆ ಕೊಟ್ಟಿಗೆಯಲ್ಲಿ ಹಾಲು ಹಿಂಡುವಾಗ ಮನೆಯ ದೊಡ್ಡ ಸೊಸೆ, ನೆಗೆಣ್ಣಿ ರಾಜೇಶ್ವರಿಯ ಮುಂದೆ ಬಾಯಿ ಬಿಟ್ಟಿದ್ದಳು. ನಾಲ್ಕೇ ದಿನಕ್ಕೆ ನೀರಿನ ನಳದ ಹತ್ತಿರ ಹತ್ತು ಜನರ ನಡುವೆ ಸುಂದ್ರವ್ವ, “ಎಷ್ಟರಾಗ ಐತವ್ವಾ?” ಎಂದು ಕೇಳಿದ್ದಳು. ಅಂದಿನಿಂದ ಹನ್ನೊಂದು ದಿನ ಭಾಗ್ಯಾ ನೆಗೆಣ್ಣಿಯ ಜೊತೆ ಮಾತಾಡಿರಲಿಲ್ಲ. ಒಡಹುಟ್ಟಿದವಳಿಗಿಂತ ಹೆಚ್ಚೆಂದು ನಂಬಿದವಳು ಹೀಗೆ ಮಾಡಿದಳಲ್ಲ ಎಂಬ ಸಂಕಟ ಅನ್ನವನ್ನೂ ಕಹಿ ಮಾಡಿತ್ತು.

ಈಗ ಹುಲ್ಲಿನ ಹೊರೆಯನ್ನು ಯಾರೋ ತಲೆಯಿಂದ ಇಳಿಸಿದಂತೆ ಕುತ್ತಿಗೆ ಹಗುರವಾಯಿತು. ರಾಜೇಶ್ವರಿ ಹೇಳಿಲ್ಲ. ಸುಂದ್ರವ್ವನ ಮೇಲೆ ಸಿಟ್ಟು ಬರಬೇಕಿತ್ತು. ಅದನ್ನು ನಾಳೆ ನೋಡಿಕೊಂಡರಾಯಿತು ಎನಿಸುವಷ್ಟು ಸಮಾಧಾನವಾಗಿತ್ತು.

“ಎಲ್ಲಾ ಬದಲ್ ಮಾಡಪಾ,” ಎಂದಳು. “ಈಗಿಂದೀಗ.”

“ಓಣ್ಯಾನವರು ಕೇಳಿದ್ರ ಇಲ್ಲ ಅಂತ ಹ್ಯಾಂಗ ಅನ್ಲಿ?” ಎಂದರು ಭರಮಪ್ಪ ಸಣ್ಣ ದನಿಯಲ್ಲಿ.

“ಬಂದವರಿಗೆ ಬ್ಯಾರೆ ಹೆಸರಿನ ವೈಫೈ ಮಾಡತೀನ್ರಿ ಕಾಕಾ. ಅದರಾಗ ಕ್ಯಾಮೆರಾ ಕಾಣಂಗಿಲ್ಲ. ಮನೀದ ಮಾತ್ರ ದೇವರ ಮುಂದ ಕೇಳಿದ್ರೂ ಹೇಳಬ್ಯಾಡ್ರಿ.” ಮುನಾಫ ಹಳೆಯ ಅಂಕಿ ಅಳಿಸಿ, ಅಕ್ಷರ ಅಂಕಿ ಬೆರೆಸಿ ಉದ್ದನೆಯದೊಂದನ್ನು ಬರೆಸಿದ. ಕ್ಯಾಮೆರಾವನ್ನೂ ಬಂದ್ ಮಾಡಿ ಹೊಸದಾಗಿ ಜೋಡಿಸತೊಡಗಿದ. ಹೊರಗೆ ಕಟ್ಟೆಯ ಮೇಲೆ ಕೂತವರು, “ನೆಟ್ ಹೋತಲೇ,” ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಕೇಳಿಸಿತು.

ಭಾಗ್ಯಾ ಹಿತ್ತಲಿಗೆ ನಡೆದಳು. ಕೊಟ್ಟಿಗೆಯಲ್ಲಿ ರಾಜೇಶ್ವರಿ ಒಬ್ಬಳೇ ಹೆಣಗುತ್ತಿದ್ದಳು. ಒಬ್ಬರು ಕರು ಹಿಡಿದು ಇನ್ನೊಬ್ಬರು ಹಿಂಡಬೇಕಾದ ಎಮ್ಮೆ ಅದು. ಹನ್ನೊಂದು ದಿನದಿಂದ ಕರುವಿನ ಹಗ್ಗವನ್ನು ತನ್ನ ಕಾಲಿಗೇ ಸುತ್ತಿಕೊಂಡು ಹಿಂಡುತ್ತಿದ್ದಳು. ಹಗ್ಗ ಉಜ್ಜಿ ಹಿಮ್ಮಡಿಯ ಮೇಲೆ ಕೆಂಪಗೆ ಬರೆ ಎದ್ದಿತ್ತು.

ಭಾಗ್ಯಾ ಬಗ್ಗಿ ಆ ಹಗ್ಗ ಬಿಚ್ಚಿದಳು. “ಅಕ್ಕಾ, ನೀ ಹೇಳಿಲ್ಲ. ಆ ಕ್ಯಾಮೆರಾದಾಗ ಸುಂದ್ರವ್ವನ ಮನ್ಯಾನವರು ಕೇಳ್ಯಾರ. ಈಗ ಗೊತ್ತಾತು.”

ರಾಜೇಶ್ವರಿ ತಲೆ ಎತ್ತಲಿಲ್ಲ. “ನನಗ ಮೊದಲ ಗೊತ್ತಿತ್ತು, ನಾ ಹೇಳಿಲ್ಲಂತ.”

“ಮತ್ತ ಒಂದ ಮಾತ ಅನ್ನಬಾರದಿತ್ತ?”

“ಬಸರಿ ಇದ್ದಾಕಿ ಸಂಗಾಟ ಜಗಳಾಡಬೇಕಿತ್ತೇನ್? ನೀ ಅತ್ತಿದ್ರ?”

ಭಾಗ್ಯಾ ಈಗ ಅತ್ತೇಬಿಟ್ಟಳು. ಅಳುತ್ತಲೇ ಕರುವಿನ ಕೊರಳಿಗೆ ಕೈ ಹಾಕಹೋದಳು.

“ಏ, ಬಗ್ಗಬ್ಯಾಡ,” ಎಂದು ಗದರಿದ ರಾಜೇಶ್ವರಿ, ತಾನು ಕೂತಿದ್ದ ಮಣೆಯನ್ನು ಅವಳತ್ತ ನೂಕಿ ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತಳು. ಭಾಗ್ಯಾ ಮಣೆಯ ಮೇಲೆ ಕೂತು ಹಗ್ಗ ಹಿಡಿದಳು. ಎಮ್ಮೆ ಒಮ್ಮೆ ತಿರುಗಿ ಇಬ್ಬರನ್ನೂ ನೋಡಿ, ಕಾಲು ಸರಿಸಿ, ಹಾಲು ಇಳಿಸಿತು.