ಮೊದಲ ಚಮಚ

ಚೆಕಿಂಗ್ ಸಾಹೇಬರಿಗೆ ಅನುಮಾನ ಹತ್ತಿದ್ದು ಟೈಲರನ ಕಾಲಿನ ಹೆಬ್ಬೆರಳಿನಿಂದ.

ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ತಲೆಗೂದಲು ಬೆಳ್ಳಗಾದವರು ಅವರು. ನಿವೃತ್ತರಾದ ಮೇಲೂ ಬಡಾವಣೆಯವರ ಬಾಯಲ್ಲಿ ಚೆಕಿಂಗ್ ಸಾಹೇಬರೇ. ಟಿಕೆಟ್ ಇಲ್ಲದವನು ಒಂದೋ ಕಿಟಕಿಯಾಚೆ ನೋಡುತ್ತಾನೆ, ಇಲ್ಲವೇ ಕೇಳದಿದ್ದರೂ ಎದ್ದು ಸೀಟು ಬಿಟ್ಟುಕೊಡುವಷ್ಟು ವಿನಯವಂತನಾಗುತ್ತಾನೆ ಎಂಬುದು ಅವರ ಸರ್ವಿಸ್ಸಿನ ಸಾರ. ಇದನ್ನು ಹೆಂಡತಿಗೆ ಅದೆಷ್ಟು ಸಲ ಹೇಳಿದ್ದರೋ. ಹೇಳುವಾಗೆಲ್ಲ ಆಕೆ ಕಿಟಕಿಯಾಚೆ ನೋಡುತ್ತಿದ್ದರು.

ಈಗ ಅವರಿಗೆ ಉಳಿದಿದ್ದ ಡ್ಯೂಟಿ ಒಂದೇ, ಭಾನುವಾರದ ತಿಂಡಿ. ಸಾಹೇಬರು, ಟೈಲರು, ಡ್ರಾಯಿಂಗ್ ಮೇಷ್ಟ್ರು ಮೂವರೂ ಪಾರ್ಕಿನ ಗೇಟಿನ ಹತ್ತಿರ ಸೇರಿ ಯಾವುದಾದರೊಂದು ಹೋಟೆಲಿಗೆ ನುಗ್ಗುವುದು. ತಿಂದಾದ ಮೇಲೆ ಬಡಾವಣೆಯಲ್ಲಿ ಆ ದಿನ ನಾಯಿಗಳ ಪ್ರದರ್ಶನವಿರಲಿ, ಹಳೇ ಪುಸ್ತಕಗಳ ಮಾರಾಟವಿರಲಿ, ಒಂದು ಸುತ್ತು ಹಾಕಿ ಬರುವುದು. ಇದಕ್ಕೊಂದು ಪದ್ಧತಿಯೂ ಇತ್ತು. ತಟ್ಟೆ ಬಂದ ಮೇಲೆ ಮೊದಲ ಚಮಚ ಸಾಹೇಬರದು. ಅವರು ಬಾಯಿಗಿಟ್ಟು, ಕಣ್ಣು ಮುಚ್ಚಿ, ತಲೆಯಾಡಿಸುವವರೆಗೆ ಉಳಿದವರು ಚಮಚ ಮುಟ್ಟುವಂತಿಲ್ಲ. ತಮಾಷೆಗೆ ಶುರುವಾದದ್ದು ಬರಬರುತ್ತಾ ಕಾನೂನಾಗಿತ್ತು. ಸಾಹೇಬರು ಮೂಗು ಮುರಿದರೆಂಬ ಸುದ್ದಿ ಟೈಲರನ ಅಂಗಡಿಯಿಂದ ಹೊರಟು ಸಂಜೆಯೊಳಗೆ ಮನೆಮನೆ ತಲುಪುತ್ತಿತ್ತು. ಆ ಹೋಟೆಲಿಗೆ ಮತ್ತೆ ಬಡಾವಣೆಯವರು ಕಾಲಿಡುತ್ತಿರಲಿಲ್ಲ. ಮೂಲೆಯ ಕೆಫೆ ಬಾಗಿಲು ಹಾಕಿದ್ದು ನಿಮ್ಮಿಂದಲೇ ಎಂದು ಯಾರೋ ಅಂದಾಗ ಸಾಹೇಬರು ಛೇ ಛೇ ಎನ್ನುತ್ತಲೇ ಒಳಗೊಳಗೇ ಉಬ್ಬಿದ್ದರು.

ಅಂಥದ್ದರಲ್ಲಿ ಒಂದು ಶನಿವಾರ ಟೈಲರನ ಫೋನು ಬಂತು.

"ಸಾಹೇಬ್ರೇ, ನಾಳೆ ಬರೋಕಾಗಲ್ಲ. ಹೆಬ್ಬೆರಳು ಊದ್ಕೊಂಡಿದೆ. ಚಪ್ಪಲಿ ಹಾಕೋಕೂ ಆಗ್ತಿಲ್ಲ."

ಅದರ ಬೆನ್ನಿಗೇ ಮೇಷ್ಟ್ರು: "ಅಕ್ಕ ಬಂದಿದ್ದಾಳೆ ಸಾರ್. ತಪ್ಪು ತಿಳ್ಕೋಬೇಡಿ, ದಯವಿಟ್ಟು."

ಮೇಷ್ಟ್ರು ದಯವಿಟ್ಟು ಅನ್ನುವ ಜಾತಿಯವರಲ್ಲ. ಸಾಹೇಬರ ಕಿವಿ ನೆಟ್ಟಗಾಯಿತು.

ಮುಂದಿನ ವಾರವೂ ಹೆಬ್ಬೆರಳು ಇಳಿಯಲಿಲ್ಲ, ಅಕ್ಕ ಹೊರಡಲಿಲ್ಲ. ಪ್ಯಾಂಟಿನ ಅಂಚು ಹೊಲಿಸುವ ನೆಪದಲ್ಲಿ ಸಾಹೇಬರು ಅಂಗಡಿಗೆ ಹೋದರು. ಟೈಲರು ಮಶೀನಿನ ಪೆಡಲನ್ನು ಧಡಧಡನೆ ತುಳಿಯುತ್ತಿದ್ದ. ಇವರನ್ನು ಕಂಡದ್ದೇ ಕಾಲನ್ನು ಸರಕ್ಕನೆ ಸ್ಟೂಲಿನಡಿ ಎಳೆದುಕೊಂಡ. ಕುರ್ಚಿ ಒರೆಸಿ ಕೊಟ್ಟ, ಚಹಾ ತರಿಸಿದ, ಹೊಲಿಗೆಗೆ ಏನೂ ಬೇಡವೆಂದ. ಅವನ ಕೊರಳಿನ ಅಳತೆ ಟೇಪಿನ ಮೇಲೆ ಎಣ್ಣೆಯ ಕಲೆ ಇತ್ತು, ಬೆಳ್ಳುಳ್ಳಿಯ ಘಮ ಮೂಗಿಗೆ ಬಡಿಯಿತು. ಅವನ ಮನೆಯಲ್ಲಿ ಬೆಳ್ಳುಳ್ಳಿ ಹತ್ತಿರಕ್ಕೂ ಸೇರಿಸುವುದಿಲ್ಲ.

ಅಂದರೆ ಹೊರಗೆ ತಿಂದಿದ್ದಾನೆ. ತಮ್ಮನ್ನು ಬಿಟ್ಟು ತಿಂದಿದ್ದಾನೆ.

ಅವತ್ತಿನಿಂದ ಸಾಹೇಬರ ತಲೆಯಲ್ಲಿ ಹುಳ ಕೊರೆಯತೊಡಗಿತು. ತಮ್ಮನ್ನು ಕೈಬಿಟ್ಟರೇ? ಮಾತು ಜಾಸ್ತಿಯಾಯಿತೇ? ಬೇರೆ ಯಾರನ್ನಾದರೂ ಮೊದಲ ಚಮಚಕ್ಕೆ ಕೂರಿಸಿಕೊಂಡರೇ? ಮನೆಯಲ್ಲೂ ಗಾಳಿ ಸರಿಯಿರಲಿಲ್ಲ. ಭಾನುವಾರವೆಂದರೆ ಹೊದ್ದು ಮಲಗುತ್ತಿದ್ದ ಹೆಂಡತಿ ಈಗ ಬೆಳಗಾಗುವ ಮೊದಲೇ ಸ್ನಾನ ಮುಗಿಸಿ, ತಿಂಡಿ ಮುಚ್ಚಿಟ್ಟು, "ತರಕಾರಿ ಮಾರ್ಕೆಟ್ಟಿಗೆ ಹೋಗ್ಬರ್ತೀನಿ, ನೀವು ಆರಾಮಾಗಿರಿ" ಎಂದು ಹೊರಡುತ್ತಿದ್ದರು. ಮಧ್ಯಾಹ್ನ ತಿರುಗಿ ಬಂದರೆ ಚೀಲದಲ್ಲಿ ಒಂದು ಕಟ್ಟು ಸೊಪ್ಪು. ಒಂದು ಕಟ್ಟು ಸೊಪ್ಪಿಗೆ ಅರ್ಧ ದಿನವೇ? ಗಂಡ ಆರಾಮಾಗಿರಲಿ ಎಂಬ ಆಸೆ ಈಕೆಗೆ ಯಾವಾಗ ಹುಟ್ಟಿತು?

ಕೇಳೋಣವೆಂದರೆ ಬಿಗುಮಾನ. ಮಗಳಿಗೆ ಫೋನು ಮಾಡಿ ತೋಡಿಕೊಳ್ಳೋಣವೆಂದರೆ ಅಲ್ಲೂ ಮಾತು ಹಳಿ ತಪ್ಪಿತ್ತು. ಎರಡು ವರ್ಷದ ಹಿಂದೆ ಬಡಾವಣೆಯ ಆಹಾರ ಮೇಳದಲ್ಲಿ ಅವಳು ಆಸೆಯಿಂದ ಒಂದು ಸ್ಟಾಲು ಹಾಕಿದ್ದಳು. ಸೂಪು, ಬ್ರೆಡ್ಡು, ಹುರಿದ ಆಲೂಗಡ್ಡೆ. ಮೊದಲ ಚಮಚ ಅಪ್ಪನಿಗೇ ಕೊಟ್ಟಳು. ಸುತ್ತ ಜನ ಸೇರಿತ್ತು. ಸಾಹೇಬರು ಕಣ್ಣು ಮುಚ್ಚಿ ಸವಿದು, "ಸೂಪು ಸಪ್ಪೆ, ಬ್ರೆಡ್ಡು ಹಸಿ. ಇದನ್ನ ಜನಕ್ಕೆ ಹೆಂಗಮ್ಮ ಕೊಡ್ತೀಯಾ?" ಎಂದರು. ಮಗಳೆಂದು ರಿಯಾಯಿತಿ ತೋರಿಸಿದರೆ ನ್ಯಾಯವೇ ಎಂಬುದು ಅವರ ವಾದ. ಜನ ಒಬ್ಬೊಬ್ಬರಾಗಿ ಪಕ್ಕದ ಸ್ಟಾಲಿಗೆ ಜಾರಿದರು. ಮಧ್ಯಾಹ್ನಕ್ಕೆ ಅವಳು ಪಾತ್ರೆ ತೊಳೆದು ಗಂಡನ ಜೊತೆ ಹೊರಟುಹೋದಳು. ಆಮೇಲೆ ಯಾವುದೋ ಕಚೇರಿಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದೇನೆ ಎಂದಿದ್ದಳು. ಊಟ ಆಯ್ತಾ, ಬಿ.ಪಿ. ಮಾತ್ರೆ ತಗೊಂಡ್ರಾ ಎಂದು ಕೇಳಿ ಫೋನಿಡುತ್ತಾಳೆ, ಅಷ್ಟೇ.

ಮೂರನೆಯ ಭಾನುವಾರ ಸಾಹೇಬರು ಹಳೇ ಟೋಪಿಯೊಂದನ್ನು ಹಣೆಯವರೆಗೆ ಎಳೆದುಕೊಂಡು ಟೈಲರನ ಬೀದಿಯ ಬಸ್ ಸ್ಟಾಪಿನಲ್ಲಿ ಪೇಪರು ಬಿಡಿಸಿ ನಿಂತರು. ಅವತ್ತು ಮುಖ್ಯ ರಸ್ತೆಯಲ್ಲಿ ಮಕ್ಕಳ ಸೈಕಲ್ ರೇಸು. ವಾಹನಗಳನ್ನು ನಿಲ್ಲಿಸಿ ಬ್ಯಾಂಡಿನವರು ಊದುತ್ತಿದ್ದರು, ಬಲೂನಿನವನ ಸುತ್ತ ಗಲಾಟೆ. ಆ ಗಲಾಟೆಯ ನಡುವೆ ಟೈಲರು ಬಂದ. ಊದಿದ ಹೆಬ್ಬೆರಳಿನವನು ಹೊಳೆಯುವ ಬೂಟು ಹಾಕಿಕೊಂಡು ದಾಪುಗಾಲು ಹಾಕುತ್ತಿದ್ದ. ಸರ್ಕಲಿನಲ್ಲಿ ಮೇಷ್ಟ್ರು ಕೂಡಿಕೊಂಡರು. ಅಕ್ಕ ಮಾತ್ರ ಎಲ್ಲೂ ಕಾಣಲಿಲ್ಲ.

"ಬಡ್ಡೀಮಕ್ಳಾ" ಎಂದು ಸಾಹೇಬರು ಹಲ್ಲು ಕಚ್ಚಿಕೊಂಡು ಹಿಂದೆ ನಡೆದರು. ಕಳ್ಳರನ್ನು ಹಿಡಿಯುವ ಹಳೇ ಹುರುಪು ಮೈಯೇರಿತ್ತು.

ಇಬ್ಬರೂ ಹಳೇ ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಓಣಿಗೆ ಹೊರಳಿ ಒಂದು ನೀಲಿ ಬಾಗಿಲಿನೊಳಗೆ ಹೋದರು. ಬಾಗಿಲ ಮುಂದೆ ಎರಡು ಬೆಂಚು, ಕಾಯುತ್ತಿದ್ದ ಒಂದಷ್ಟು ಜನ. ಒಳಗಿನಿಂದ ಬೆಳ್ಳುಳ್ಳಿ ಹುರಿಯುವ ಘಮ. ಸಾಹೇಬರು ಓಣಿಯ ತಿರುವಿನಲ್ಲಿ ಒಂದಷ್ಟು ಹೊತ್ತು ಹೊಂಚುಹಾಕಿ ನಿಂತು, ಆಮೇಲೆ ಟೋಪಿ ಕಿತ್ತು, ತಪಾಸಣೆಗೆ ಬಸ್ಸು ಹತ್ತುತ್ತಿದ್ದ ಗತ್ತಿನಲ್ಲೇ ಬಾಗಿಲು ತಳ್ಳಿದರು.

ಪುಟ್ಟ ಕೋಣೆ, ಆರೇಳು ಮೇಜು. ಗೋಡೆ ಬದಿಯ ಮೇಜಿನಲ್ಲಿ ಟೈಲರು, ಮೇಷ್ಟ್ರು. ಅವರ ಮುಂದೆ ಬ್ರೆಡ್ಡಿನ ಬುಟ್ಟಿ ಇಡುತ್ತಿದ್ದವರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಸಾಹೇಬರದೇ ಹೆಂಡತಿ.

ಮೂವರಿಗೂ ಗರ ಬಡಿದಂತಾಯಿತು. ಟೈಲರು ಬಾಯಿಯವರೆಗೆ ಒಯ್ದಿದ್ದ ಚಮಚವನ್ನು ಹಾಗೇ ತಟ್ಟೆಗಿಳಿಸಿದ. ಮೇಷ್ಟ್ರೂ ಇಳಿಸಿದರು. ಅರ್ಧ ತಿಂದ ತಟ್ಟೆಯ ಮುಂದೆ ಇಬ್ಬರೂ ಕೈಕಟ್ಟಿ ಕೂತು ಸಾಹೇಬರ ಮುಖವನ್ನೇ ನೋಡತೊಡಗಿದರು. ಅದು ಬರೀ ಅಭ್ಯಾಸಬಲ. ಆದರೆ ಅದನ್ನು ಕಂಡು ಪಕ್ಕದ ಮೇಜಿನವರೂ ಅನುಮಾನದಿಂದ ತಮ್ಮ ತಟ್ಟೆ ನೋಡಿಕೊಂಡರು. ಆಚೆ ಮೇಜಿನ ಹೆಂಗಸೊಬ್ಬಳು, "ಯಾಕಂತೆ, ಊಟದಲ್ಲಿ ಏನಾದ್ರೂ ಇದೆಯಾ?" ಎಂದು ಗಂಡನ ಕಿವಿಯಲ್ಲಿ ಕೇಳಿದಳು.

"ನೀವು ಇಲ್ಲಿಗ್ಯಾಕೆ ಬಂದ್ರಿ?" ಎಂದು ಹೆಂಡತಿ ಪಿಸುಗುಟ್ಟಿದರು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅದು ಬೇಡಿಕೊಳ್ಳುವ ದನಿ.

ಅಷ್ಟರಲ್ಲಿ ಅಡುಗೆಮನೆಯ ಪರದೆ ಸರಿಸಿ ಮಗಳು ಬಂದಳು. ಏಪ್ರನ್ನಿನ ಮೇಲೆ ಹಿಟ್ಟು, ಹಣೆಯಲ್ಲಿ ಬೆವರು. ಅಪ್ಪನನ್ನು ಕಂಡು ನಿಂತಲ್ಲೇ ನಿಂತಳು. ಸಾಹೇಬರಿಗೆ ಎಲ್ಲವೂ ಅರ್ಥವಾಗಿಹೋಯಿತು. ಇವರು ಕೈಬಿಟ್ಟದ್ದು ತಮ್ಮನ್ನಲ್ಲ, ತಮ್ಮ ನಾಲಗೆಯನ್ನು.

ಅವರು ಹತ್ತಿರದ ಕುರ್ಚಿಯ ಬೆನ್ನು ಹಿಡಿದು, "ಒಂದು ಪ್ಲೇಟ್ ಕೊಡಮ್ಮ" ಎಂದರು.

ಮಗಳು ಗೋಡೆಯ ಕಡೆ, ಕಿಟಕಿಯ ಕಡೆ, ಕಿಟಕಿಯಾಚೆ ನೋಡಿದಳು. "ಎಲ್ಲಾ ಖಾಲಿ ಆಯ್ತಪ್ಪ" ಎಂದಳು.

ಅವಳ ಬೆನ್ನ ಹಿಂದೆ, ಪರದೆಯ ಸಂದಿಯಲ್ಲಿ, ಸೂಪಿನ ದೊಡ್ಡ ಪಾತ್ರೆ ಕೊತಕೊತ ಕುದಿಯುತ್ತಿತ್ತು.

ಸಾಹೇಬರು ಆ ಪಾತ್ರೆಯನ್ನು ನೋಡಿದರು. ಅವರು ನೋಡಿದ್ದನ್ನು ಮಗಳೂ ನೋಡಿದಳು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಜೀವಮಾನವೆಲ್ಲ ಸುಳ್ಳನ್ನು ಕೊರಳಪಟ್ಟಿ ಹಿಡಿದು ಬಸ್ಸಿನಿಂದ ಇಳಿಸಿದ್ದ ಮನುಷ್ಯನಿಗೆ, ಹೆತ್ತ ಮಗಳು ಒಂದು ಚಮಚ ಸೂಪು ಕೊಡಲು ಹೆದರಿ ಸುಳ್ಳು ಹೇಳುತ್ತಿರುವುದನ್ನು ಕಂಡು ಅಳು ನುಗ್ಗಿ ಬಂತು. ಅಷ್ಟೊಂದು ಹೆದರಿಸಿದ್ದೇನೆಯೇ ಇವಳನ್ನು?

"ಹೌದಾ. ಸರಿ ಬಿಡಮ್ಮ" ಎಂದಷ್ಟೇ ಹೇಳಿ ಹೊರಗೆ ಬಂದರು.

ಬೆಂಚಿನಲ್ಲಿ ಕೂತಿದ್ದವರಲ್ಲಿ ಆಗಷ್ಟೇ ಬಂದ ಔಷಧಿ ಅಂಗಡಿಯವನ ಸಂಸಾರವೂ ಇತ್ತು. ಅವನು ಧಡಕ್ಕನೆ ಎದ್ದು ನಿಂತ. "ಓಹೋ, ಸಾಹೇಬ್ರು ಬಂದ್ಬಿಟ್ಟಿದ್ದೀರಾ! ಹೇಳ್ಬಿಡಿ ಸಾರ್, ಹೇಗಿದೆ? ಕಾಯೋದಾ, ಮನೆಗೆ ಹೋಗೋದಾ?"

ಬೆಂಚಿನವರೆಲ್ಲ ಅವರತ್ತ ತಿರುಗಿದರು. ನೀಲಿ ಬಾಗಿಲು ಇನ್ನೂ ಅರ್ಧ ತೆರೆದೇ ಇತ್ತು. ಒಳಗೆ ಒಂದು ಚಮಚದ ಸದ್ದೂ ಇರಲಿಲ್ಲ.

ಸಾಹೇಬರ ಹೊಟ್ಟೆ ಹಸಿವಿನಿಂದ ಚುರುಗುಟ್ಟುತ್ತಿತ್ತು. "ಹೊಟ್ಟೆ ತುಂಬಾ ತಿಂದೆ ಕಣಯ್ಯ" ಎಂದರು, ಒಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ. "ಇಂಥ ಸೂಪು ನಾನು ಎಲ್ಲೂ ಕುಡಿದಿಲ್ಲ. ಕಾಯಿರಿ, ಎಷ್ಟೊತ್ತಾದ್ರೂ ಕಾಯಿರಿ."

ಹಾಗೆಂದವರು ಅಲ್ಲಿ ನಿಲ್ಲದೆ ಸರಸರನೆ ಓಣಿ ದಾಟತೊಡಗಿದರು. ಹಿಂದಿನಿಂದ ಮಗಳು "ಅಪ್ಪಾ" ಎಂದು ಕೂಗಿದ್ದು ಕೇಳಿಸಿತು. ಅವರು ತಿರುಗಲಿಲ್ಲ. ಕಣ್ಣೀರಿಳಿಯುತ್ತಿದ್ದ ಈ ಮುಖ ನೋಡಿದರೆ, ತಾವು ಹೇಳಿದ್ದು ಸುಳ್ಳೆಂದು ಯಾರಿಗಾದರೂ ಗೊತ್ತಾಗಿಬಿಡುತ್ತಿತ್ತು.