ಸುಮ್ಮನೆ ಕೂತಿದ್ದೇವೆ

ಫಿನ್ಲೆಂಡಿನ ಟಾಂಪೆರೆ ಊರಿನ ತಮ್ಮ ಅಡುಗೆಮನೆಯಲ್ಲಿ ಮುದುಕ ತೌನೊ ಕಾಫಿ ಬಗ್ಗಿಸಿ, ಟ್ಯಾಬ್ಲೆಟ್ಟನ್ನು ಸಾತುವಿನ ಕಡೆ ತಳ್ಳಿದರು.

"ತಗೊಂಡ್ಹೋಗಮ್ಮ. ಇದು ಬಾಯಿಬಡುಕರಿಗೆ ಮಾಡಿದ್ದು."

ಸಾತುವಿನ ಮುಖ ಸಪ್ಪಗಾಯಿತು. ವಯಸ್ಸಾದವರು ಗೆಳೆಯರನ್ನು ಕಳೆದುಕೊಳ್ಳಬಾರದೆಂದು ಅವಳ ತಂಡ ಒದ್ದಾಡಿ ಈ ವೀಡಿಯೊ ಕರೆಯ ಆ್ಯಪ್ ಮಾಡಿತ್ತು. ದಪ್ಪ ಅಕ್ಷರ, ದೊಡ್ಡ ಗುಂಡಿ, ಯಾವುದಕ್ಕೂ ಕೊರತೆಯಿರಲಿಲ್ಲ.

"ಏನು ತೊಂದರೆ ಅಂತ ತೋರಿಸ್ತೀರಾ?"

ತೌನೊ ತಮ್ಮ ಗೆಳೆಯ ಉರ್ಪೊಗೆ ಕರೆ ಮಾಡಿದರು. ಕಾಗದದ ಕಾರ್ಖಾನೆಯಲ್ಲಿ ಜೊತೆಗೆ ದುಡಿದು, ಶನಿವಾರ ಬಂತೆಂದರೆ ಒಂದೇ ಸೌನಾದ ಬಿಸಿ ಹಬೆಯಲ್ಲಿ ಕೂತು ಬೆವರಿದವರು ಅವರಿಬ್ಬರು. ಉರ್ಪೊ ಈಗ ಸ್ವೀಡನ್ನಿನಲ್ಲಿ ಮಗಳ ಜೊತೆಗಿದ್ದರು. ಪರದೆಯಲ್ಲಿ ಅವರ ಮುಖ ಮೂಡಿತು. ತೌನೊ ತಲೆಯಾಡಿಸಿದರು, ಅವರೂ ಆಡಿಸಿದರು. ಇಬ್ಬರೂ ಕಾಫಿ ಹೀರಿದರು. ಅಷ್ಟೇ.

ಪರದೆಯ ಮೇಲೆ ಬಣ್ಣದ ಚೀಟಿಯೊಂದು ಹಾರಿ ಬಂತು: "ಗೆಳೆಯರ ಮಂಡಿನೋವು ಹೇಗಿದೆ, ಕೇಳಿ!" ಸ್ವಲ್ಪ ಹೊತ್ತಿಗೆ ಕರೆ ತಾನಾಗಿ ಕಡಿದುಹೋಯಿತು.

"ನೋಡಿದ್ಯಾ? ಕತ್ತು ಹಿಡಿದು ಆಚೆಗೆ ದಬ್ಬಿದ ಹಾಗೆ."

"ಮಾತು ನಿಂತ್ರೆ ಕರೆ ಮುಗೀತು ಅಂತ ಅದು ತಿಳ್ಕೊಳ್ಳುತ್ತೆ. ನೀವು ಏನಾದ್ರೂ ಮಾತಾಡಿದ್ರೆ..."

"ನಾವು ಯಾವತ್ತು ಮಾತಾಡಿದ್ವಿ?" ತೌನೊ ನಕ್ಕರು, ಆ ನಗು ಅರ್ಧಕ್ಕೇ ನಿಂತಿತು. "ಈಗಂತೂ ಅವನ ಕೈಲಿ ಆಗೋದೂ ಇಲ್ಲ. ಲಕ್ವ ಹೊಡೆದು ಮಾತೇ ಬಿದ್ದುಹೋಗಿದೆ. ಕರೆ ಕಡಿದಾಗೆಲ್ಲ ನಾನೇ ಬೇಜಾರಾಗಿ ಎದ್ದುಹೋದೆ ಅಂದ್ಕೊಂಡು ಕಣ್ಣೀರು ಹಾಕ್ತಾನಂತೆ. ಅವನ ಮಗಳು ಹೇಳಿದ್ಲು."

ಸಾತು ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಮಾತು ನಿಂತರೂ ಕರೆ ಕಡಿಯಬಾರದು ಎಂದು ಅವಳು ಕೇಳಿದಾಗ ಕಚೇರಿಯಲ್ಲಿ ಮುಖ್ಯಸ್ಥ ಯಾರ್ಕೊ ಸುಲಭಕ್ಕೆ ಒಪ್ಪಲಿಲ್ಲ. "ಕರೆ ಮುಗಿಸೋಕೆ ಮರೆತು ಮಲಗಿಬಿಡ್ತಾರೆ ಕಣೇ. ಕ್ಯಾಮೆರಾ ಮನೆಯೊಳಗೆ ಕಣ್ಣು ಬಿಟ್ಕೊಂಡೇ ಇರುತ್ತೆ. ಅದು ಸರೀನಾ?"

"ಸರಿಯಲ್ಲ. ಆದ್ರೆ ಅವರನ್ನೇ ಒಂದ್ಸಲ ಕೇಳಬಹುದಿತ್ತಲ್ಲ? ಮುದುಕರು ಅಂದ್ರೆ ಮಂಡಿನೋವು ಅಂತ ನಾವೇ ತೀರ್ಮಾನ ಮಾಡಿಬಿಟ್ವಿ."

ಯಾರ್ಕೊ ಗಡ್ಡ ಕೆರೆದುಕೊಂಡ. "ಹಾಗಾದ್ರೆ ಬೇಕಾದವರು ಒತ್ತಲಿ, ಒಂದು ಗುಂಡಿ ಇಡು."

ಮುಂದಿನ ಸಲ ಸಾತು ಅದೇ ಅಡುಗೆಮನೆಗೆ ಬಂದಾಗ ಚೀಟಿಗಳು ಮಾಯವಾಗಿದ್ದವು. ಪರದೆಯ ಕೆಳಗೆ ಹೊಸ ಗುಂಡಿಯೊಂದಿತ್ತು: "ಸುಮ್ಮನೆ ಕೂತಿದ್ದೇವೆ." ತೌನೊ ಉರ್ಪೊಗೆ ಕರೆ ಮಾಡಿ ಅದನ್ನು ಒತ್ತಿದರು. ಹೊರಗೆ ಹಿಮ ಬೀಳುತ್ತಿತ್ತು, ಕಾಫಿ ಆರಿತು, ಕರೆ ಕಡಿಯಲಿಲ್ಲ. ಉರ್ಪೊ ಅನುಮಾನದಿಂದ ಪರದೆಯನ್ನೇ ನೋಡುತ್ತಿದ್ದರು. ಗೆಳೆಯ ಎದ್ದುಹೋಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಲೋಟ ಎತ್ತಿ ತೋರಿಸಿದರು.

ಸಾತು ಖುಷಿ ತಡೆಯಲಾರದೆ ಏನೋ ಹೇಳಲು ಬಾಯಿ ತೆರೆದಳು. ತೌನೊ ಅವಳ ಮುಂದೆಯೂ ಒಂದು ಲೋಟ ಇಟ್ಟರು.

"ಕೂತ್ಕೊಮ್ಮ," ಎಂದರು ಮೆಲ್ಲಗೆ. "ಮಾತು ಮಾತ್ರ ಬೇಡ."